ಅಟ್ಟದ ಮೇಲಿನ ಕತ್ತಿ ಯಾರದು?

ಚಾಮುಂಡಿ ಬೆಟ್ಟಕ್ಕೆ ಹೋದವರು ಮಹಿಷಾಸುರನ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಳ್ಳದೆ ಬಂದಿದ್ದುಂಟೇ? ಒಂದು ಕೈಯಲ್ಲಿ ಎತ್ತಿ ಹಿಡಿದ ಖಡ್ಗ, ಇನ್ನೊಂದರಲ್ಲಿ ಹಾವು. ಆ ಖಡ್ಗ ಇರೋದೇ ಕಡಿಯೋಕೆ ಅಂತ ಮಗುವಿಗೂ ಗೊತ್ತಾಗುತ್ತೆ. ಕತ್ತಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಅಗಲವಾದ ಅಲಗು, ಭಾರ, ಹರಿತ.

ಆದರೆ ಯಾರನ್ನೂ ಕಡಿಯೋಕೆ ಅಂತ ಮಾಡದ ಕತ್ತಿಗಳೂ ಇವೆ. ಯುರೋಪಿನ ಅಧಿಕಾರಿಗಳು ದರ್ಬಾರು, ಪಟ್ಟಾಭಿಷೇಕ, ರಾಜನ ಭೇಟಿ ಇಂಥ ಸಂದರ್ಭಗಳಲ್ಲಿ ಸಮವಸ್ತ್ರದ ಜೊತೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ದಿರಿಸಿನ ಕತ್ತಿಗಳವು. ಸಣಕಲು ಅಲಗು, ಚಿನ್ನದ ಗಿಲೀಟಿನ ಹಿಡಿ, ಕಪ್ಪು ಚರ್ಮದ ಒರೆ. ಅಂಥದ್ದೊಂದು ಬೆಟ್ಟದ ಪಾದದಲ್ಲಿರುವ ನಮ್ಮ ದೊಡ್ಡಮ್ಮನ ಮನೆಯ ಅಟ್ಟದಲ್ಲಿತ್ತು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಕೆಳಗಿಳಿದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಹಳೇ ಪಂಚೆಯೊಳಗೆ ಮಲಗುತ್ತಿತ್ತು. "ದಿವಾನರು ನಮ್ಮ ತಾತನ ಕೆಲಸ ಮೆಚ್ಚಿ ಕೊಟ್ಟಿದ್ದು" ಅನ್ನೋದು ದೊಡ್ಡಮ್ಮ ಹೇಳುತ್ತಿದ್ದ ಕಥೆ. ಅವರ ತಾತ ಅಂದರೆ ನನ್ನ ಮುತ್ತಾತ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು.

ಈಗ ಆ ಮನೆ ಮಾರಾಟವಾಗಿದೆ. ಸಾಮಾನು ಹಂಚಿಕೊಳ್ಳುವಾಗ ಕತ್ತಿಯ ಸರದಿ ಬಂತು. ದೊಡ್ಡಮ್ಮನ ಮಗನಿಗೆ ಮಾರೋ ಆಸೆ. ನನ್ನ ತಂಗಿಗೆ ಫಳಫಳ ಹೊಳೆಸಿ ಫ್ಲ್ಯಾಟಿನ ಗೋಡೆಗೆ ಹಾಕೋ ಆಸೆ. ದೊಡ್ಡಮ್ಮನಿಗೆ ಅದು ದಿವಾನರ ಕತ್ತಿ, ಮಾತು ಮುಗೀತು. "ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲ, ಅದೇನು ಅಂತ ಸ್ವಲ್ಪ ಹುಡುಕಿ ಹೇಳಪ್ಪ" ಅಂತ ಅದನ್ನ ನನ್ನ ಕೈಗೆ ಕೊಟ್ಟರು. ಹುಡುಕಿದಾಗ ನನಗೆ ಗೊತ್ತಾಗಿದ್ದನ್ನ ಇಲ್ಲಿ ಬರೀತಿದ್ದೀನಿ. ನಿಮ್ಮ ಅಟ್ಟದಲ್ಲೂ ಏನಾದರೂ ಇರಬಹುದು.

ಕಡಿಯದ ಕತ್ತಿಗೆ ಕೆಲಸವೇನು?

18ನೇ ಶತಮಾನದ ಯುರೋಪಿನಲ್ಲಿ ದೊಡ್ಡ ಮನೆತನದ ಗಂಡಸರು ದಿನನಿತ್ಯವೂ ಸೊಂಟದಲ್ಲಿ ಸಣ್ಣ ಕತ್ತಿ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು. ನಾವು ಹೊರಗೆ ಹೊರಟಾಗ ವಾಚು ಕಟ್ಟಿಕೊಳ್ಳುವ ಹಾಗೆ. ಆ ಶತಮಾನ ಮುಗಿಯುವ ಹೊತ್ತಿಗೆ ಬೀದಿಯಲ್ಲಿ ಆ ಪದ್ಧತಿ ನಿಂತಿತು. ಅರಮನೆಯೊಳಗೆ ಮಾತ್ರ ಉಳಿಯಿತು. ಬ್ರಿಟನ್ನಿನಲ್ಲಿ ರಾಜನ ಮುಂದೆ ಹೋಗುವ ಅಧಿಕಾರಿಗೆ ಕೋಟು, ಟೋಪಿ, ಕಸೂತಿ ಎಲ್ಲಕ್ಕೂ ನಿಯಮ ಇತ್ತು. ಸಿವಿಲ್ ಸಮವಸ್ತ್ರದಲ್ಲೇ ಐದು ದರ್ಜೆ. ಕೋಟಿನ ಮೇಲಿನ ಚಿನ್ನದ ಕಸೂತಿ ಎಷ್ಟು ಅಗಲ ಅನ್ನೋದರ ಮೇಲೆ ಆಸಾಮಿ ಎಷ್ಟು ದೊಡ್ಡವನು ಅಂತ ತಿಳಿಯುತ್ತಿತ್ತು. ಕತ್ತಿಯೂ ಆ ದಿರಿಸಿನ ಒಂದು ಭಾಗ.

ಅಂದರೆ ಇದು ಆಯುಧಕ್ಕಿಂತ ಹೆಚ್ಚಾಗಿ ಐಡಿ ಕಾರ್ಡು. ನಾವು ಆಫೀಸಿಗೆ ಕೊರಳಲ್ಲಿ ನೇತುಹಾಕಿಕೊಂಡು ಹೋಗೋದನ್ನ ಅವರು ಸೊಂಟದಲ್ಲಿ ನೇತುಹಾಕಿಕೊಳ್ಳುತ್ತಿದ್ದರು.

ಫ್ರಾನ್ಸಿನಲ್ಲೂ ಹೀಗೇ. ಅಲ್ಲಿಯ ಅಧಿಕಾರಿಗಳ ಕತ್ತಿಯ ಹಿಡಿಗೆ ಮುತ್ತಿನ ಚಿಪ್ಪಿನ ಹಲಗೆ ಕೂರಿಸುತ್ತಿದ್ದರು. 1635ರಲ್ಲಿ ಶುರುವಾದ ಫ್ರೆಂಚ್ ಅಕಾಡೆಮಿಯ ಸದಸ್ಯರಿಗೆ, ಅಂದರೆ ಸಾಹಿತಿ ವಿದ್ವಾಂಸರಿಗೆ, ಇವತ್ತಿಗೂ ಹಸಿರು ಕಸೂತಿಯ ಕೋಟಿನ ಜೊತೆ ಕತ್ತಿ ಇದೆ.

ಮೈಸೂರಿನವರಿಗೆ ಈ ವಿಚಾರ ವಿಚಿತ್ರ ಅನ್ನಿಸಬಾರದು. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡಿದ್ದು 2013ರ ಡಿಸೆಂಬರ್‌ನಲ್ಲಿ. ಮರುವರ್ಷದ ನವರಾತ್ರಿಗೆ ಖಾಸಗಿ ದರ್ಬಾರಿನಲ್ಲಿ ರಾಜರ ಬದಲಿಗೆ ಪಟ್ಟದ ಕತ್ತಿಯನ್ನಿಟ್ಟು ವಿಧಿಗಳನ್ನು ನಡೆಸಿದರು. ಮನುಷ್ಯ ಇಲ್ಲದ ಕಡೆ ಅವನ ಪದವಿಯ ಪರವಾಗಿ ಕತ್ತಿ ಕೂರುತ್ತೆ ಅನ್ನೋದು ನಮಗೆ ಹೊಸದೇನಲ್ಲ.

ಇಂಥ ಕತ್ತಿ ಮೈಸೂರಿಗೆ ಬಂದಿದ್ದು ಹೇಗೆ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಬಂದು ಕೂತರು. 1831ರಿಂದ 1881ರವರೆಗೆ ಆಡಳಿತವೇ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. ಬೆಂಗಳೂರಿನ ಕಬ್ಬನ್ ಪಾರ್ಕು, ಬೌರಿಂಗ್ ಆಸ್ಪತ್ರೆ ಅಂತೀವಲ್ಲ, ಆ ಕಬ್ಬನ್, ಬೌರಿಂಗ್ ಇಬ್ಬರೂ ಆ ಸಾಲಿನವರೇ. ರಾಜರಿಗೆ ಅಧಿಕಾರ ವಾಪಸ್ ಬಂದ ಮೇಲೂ ರೆಸಿಡೆಂಟರು ಇದ್ದೇ ಇದ್ದರು. ದಸರಾ ದಿನಗಳಲ್ಲಿ ಯುರೋಪಿಯನ್ನರಿಗಾಗಿಯೇ ಬೇರೆ ದರ್ಬಾರು ನಡೆಯುತ್ತಿತ್ತು.

ಬೆಟ್ಟದ ಮೇಲಿನಿಂದ ಊರಿನ ಕಡೆ ನೋಡಿ. ಹಸಿರಿನ ನಡುವೆ ಬಿಳೀ ಗುಮ್ಮಟದ ಲಲಿತ ಮಹಲ್ ಕಾಣುತ್ತೆ. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅದಕ್ಕೆ ಅಡಿಪಾಯ ಹಾಕಿಸಿದ್ದು ವೈಸರಾಯ್ ಬಂದಾಗ ಉಳಿದುಕೊಳ್ಳಲಿ ಅಂತ. ಒಬ್ಬ ವೈಸರಾಯ್ ಬಂದರೆ ಹಿಂದೆ ಮುಂದೆ ಎಷ್ಟು ಅಧಿಕಾರಿಗಳು, ಎಷ್ಟು ಗಿಲೀಟಿನ ಕತ್ತಿಗಳು ಬರುತ್ತಿದ್ದವು ಅಂತ ನೀವೇ ಊಹಿಸಿಕೊಳ್ಳಿ.

ಕತ್ತಿಯನ್ನ ಓದೋದು

ಸಂಗ್ರಾಹಕರು ಇಂಥ ಕತ್ತಿ ಕೈಗೆ ಬಂದರೆ ಮೊದಲು ನೋಡೋದು ಹರಿತವನ್ನಲ್ಲ, ಅಕ್ಷರಗಳನ್ನ. ನಾನು ಕಲಿತ ಕ್ರಮ ಇದು.

1. ಸಂಕೇತಾಕ್ಷರ: ಬ್ರಿಟಿಷ್ ಕತ್ತಿಯ ಅಲಗಿನ ಮೇಲೆ ಆಗಿನ ರಾಜ ಅಥವಾ ರಾಣಿಯ ಹೆಸರಿನ ಅಕ್ಷರಗಳನ್ನು ಆಸಿಡ್‌ನಿಂದ ಕೊರೆದಿರುತ್ತಾರೆ. 'ವಿ ಆರ್' ಅಂತಿದ್ದರೆ ವಿಕ್ಟೋರಿಯಾ, 1837ರಿಂದ 1901. 'ಇ ಆರ್' ನಡುವೆ ರೋಮನ್ ಏಳು ಇದ್ದರೆ ಏಳನೇ ಎಡ್ವರ್ಡ್, 1901ರಿಂದ 1910. 'ಜಿ ಆರ್' ನಡುವೆ ರೋಮನ್ ಐದು ಇದ್ದರೆ ಐದನೇ ಜಾರ್ಜ್, 1910ರಿಂದ 1936. ಆರು ಇದ್ದರೆ ಆರನೇ ಜಾರ್ಜ್, 1936ರಿಂದ 1952. ಕೆಲವು ಕಡೆ ಕೊನೆಯಲ್ಲಿ 'ಐ' ಅಂತ ಇನ್ನೊಂದು ಅಕ್ಷರ ಇರುತ್ತೆ. ಅದು 'ಇಂಪರೇಟರ್' ಅಥವಾ 'ಇಂಪರೇಟ್ರಿಕ್ಸ್', ಅಂದರೆ ಭಾರತದ ಚಕ್ರವರ್ತಿ, ಚಕ್ರವರ್ತಿನಿ ಅನ್ನೋ ಬಿರುದಿನ ಗುರುತು. ಆ ಬಿರುದನ್ನು ದೆಹಲಿ ದರ್ಬಾರಿನಲ್ಲಿ ಸಾರಿದ್ದು 1877ರ ಜನವರಿ 1ರಂದು.

2. ಕಿರೀಟ: ಅಕ್ಷರಗಳ ಮೇಲಿನ ಕಿರೀಟದ ಕಮಾನು ನೋಡಿ. 1901ರಿಂದ 1952ರವರೆಗಿನ ಕಿರೀಟದಲ್ಲಿ ಕಮಾನು ದುಂಡಗೆ ಮೇಲೇರುತ್ತೆ. ಎರಡನೇ ಎಲಿಜಬೆತ್ ಕಾಲದ ಕಿರೀಟದಲ್ಲಿ ಕಮಾನು ನಡುವೆ ತಗ್ಗುತ್ತೆ. ಅಕ್ಷರ ಒಂದು ಕಾಲದ್ದು, ಕಿರೀಟ ಇನ್ನೊಂದು ಕಾಲದ್ದು ಆಗಿದ್ದರೆ ಎಚ್ಚರ. ಫ್ರೆಂಚ್ ಕತ್ತಿಗಳಲ್ಲಿ ಈ ಕೆಲಸ ಮಾಡೋದು ಹಕ್ಕಿ ಮತ್ತು ಹೂವು. ನೆಪೋಲಿಯನ್ನರ ಕಾಲಕ್ಕೆ ಹದ್ದು, ಬೂರ್ಬನ್ ರಾಜರ ಕಾಲಕ್ಕೆ ಲಿಲ್ಲಿ ಹೂವು, 1830ರಿಂದ 1848ರ ನಡುವೆ ಹುಂಜ.

3. ತಯಾರಕರ ಹೆಸರು: ಹಿಡಿಯ ಹತ್ತಿರ ಅಲಗಿನ ಮೇಲಿರುತ್ತೆ. ಲಂಡನ್ನಿನ ವಿಲ್ಕಿನ್ಸನ್ ಅತಿ ಹೆಸರುವಾಸಿ. ಹೌದು, ಶೇವಿಂಗ್ ಬ್ಲೇಡಿನ 'ವಿಲ್ಕಿನ್ಸನ್ ಸ್ವೋರ್ಡ್' ಅನ್ನೋ ಹೆಸರು ಬಂದಿದ್ದು ಅಲ್ಲಿಂದಲೇ. 1772ರಲ್ಲಿ ಬಂದೂಕದ ಅಂಗಡಿಯಾಗಿ ಶುರುವಾದ ಆ ಸಂಸ್ಥೆ ಕತ್ತಿ ಮಾಡೋದನ್ನ ನಿಲ್ಲಿಸಿದ್ದು 2005ರಲ್ಲಿ. ಅವರ ಒಳ್ಳೇ ಕತ್ತಿಗಳ ಅಲಗಿನ ಬೆನ್ನಿನ ಮೇಲೆ ನಂಬರ್ ಇರುತ್ತೆ. 1854ರಿಂದ ಆ ನಂಬರ್‌ಗಳನ್ನು ಲೆಡ್ಜರಿನಲ್ಲಿ ಬರೆದಿಟ್ಟಿದ್ದಾರೆ. ಅದೃಷ್ಟ ಇದ್ದರೆ ಕತ್ತಿ ಮಾರಾಟವಾದ ವರ್ಷ, ಕೊಂಡವರ ಹೆಸರು ಸಿಗುತ್ತೆ. ಆದರೆ ದರ್ಬಾರಿನ ಸಾಧಾರಣ ಕತ್ತಿಗಳಿಗೆ ಬಹಳ ಸಲ ನಂಬರೇ ಇರಲ್ಲ. ಎಷ್ಟೋ ಕತ್ತಿಗಳ ಮೇಲಿರೋದು ಸಮವಸ್ತ್ರ ಹೊಲಿದುಕೊಟ್ಟ ದರ್ಜಿ ಅಂಗಡಿಯ ಹೆಸರು. ಅಲಗು ಮಾತ್ರ ಜರ್ಮನಿಯ ಜೋಲಿಂಗನ್ ಊರಿನಿಂದ ಬಂದಿರುತ್ತೆ.

4. ಹಿಡಿ: ಸಿವಿಲ್ ಅಧಿಕಾರಿಯ ಕತ್ತಿಗೆ ನೇರ, ತೆಳು ಅಲಗು. ಸುಮಾರು 80 ಸೆಂಟಿಮೀಟರ್ ಉದ್ದ. ಹಿಡಿಯ ತುದಿಯಲ್ಲಿ ಕಳಶದಂಥ ಗುಂಡು, ಬೆರಳು ಕಾಯೋಕೆ ಒಂದು ಬಿಲ್ಲು, ಕೆಳಗೆ ಚಿಪ್ಪಿನಾಕಾರದ ತಟ್ಟೆ. ಬಾಗಿದ ಅಲಗು, ದಂತದ ಹಿಡಿ ಇದ್ದರೆ ಅದು ಬೇರೆ ಜಾತಿ. ಈಜಿಪ್ಟಿನ ಮಾಮ್‌ಲೂಕ್ ಸೈನಿಕರ ಕತ್ತಿಯ ಮಾದರಿ ಅದು. ಬ್ರಿಟಿಷ್ ಜನರಲ್‌ಗಳು 1831ರಿಂದ ಅದನ್ನೇ ಕಟ್ಟುತ್ತಿದ್ದಾರೆ.

5. ಒರೆ ಮತ್ತು ಕುಚ್ಚು: ಕಪ್ಪು ಚರ್ಮದ ಒರೆ ಒಣಗಿ ನಡುವೆ ಮುರಿದಿರೋದೇ ಹೆಚ್ಚು. ಒರೆ ಪೂರ್ತಿ ಇದ್ದು, ಹಿಡಿಗೆ ಕಟ್ಟುವ ಚಿನ್ನದ ಜರಿಯ ಕುಚ್ಚು ಕೂಡ ಉಳಿದಿದ್ದರೆ ಬೆಲೆ ಬೇರೆ.

ಈ ಲೆಕ್ಕದಲ್ಲಿ ದೊಡ್ಡಮ್ಮನ ಕತ್ತಿ ಓದಿದೆ. ನೇರ ಅಲಗು. ಅದಕ್ಕೆ ಹರಿತವನ್ನೇ ಕೊಟ್ಟಿಲ್ಲ. 'ಜಿ ಆರ್', ನಡುವೆ ಐದು. ದುಂಡು ಕಮಾನಿನ ಕಿರೀಟ. ಲಂಡನ್ನಿನ ಒಂದು ದರ್ಜಿ ಅಂಗಡಿಯ ಹೆಸರು. ನಂಬರ್ ಇಲ್ಲ. ಒರೆ ಎರಡು ತುಂಡು, ಕುಚ್ಚು ಇಲ್ಲ. ದಿವಾನರ ಹೆಸರಾಗಲಿ, ಗಂಡಭೇರುಂಡವಾಗಲಿ, ಉಡುಗೊರೆಯ ಒಂದು ಸಾಲಾಗಲಿ ಎಲ್ಲೂ ಇಲ್ಲ. ಯಾರಿಗಾದರೂ ಮೆಚ್ಚಿ ಕೊಡುವ ಕತ್ತಿಯ ಮೇಲೆ ಸಾಮಾನ್ಯವಾಗಿ ಕೊಟ್ಟವರು, ಪಡೆದವರ ಹೆಸರು ಕೊರೆಸಿರುತ್ತಾರೆ. ಇದು 1910ರಿಂದ 1936ರ ನಡುವೆ ಯಾವನೋ ಬ್ರಿಟಿಷ್ ಅಧಿಕಾರಿ ತನ್ನ ಸಮವಸ್ತ್ರಕ್ಕೆ ಅಂತ ಮಾಡಿಸಿಕೊಂಡ ಕತ್ತಿ.

140 ಕೋಟಿಯ ಲೆಕ್ಕ

"ಟಿಪ್ಪು ಕತ್ತಿ 140 ಕೋಟಿಗೆ ಹೋಯ್ತು ಕಣೋ. ನಮ್ದಕ್ಕೆ ಹತ್ತು ಲಕ್ಷನಾದ್ರೂ ಬರಲ್ವಾ?" ಅಂತ ಅಣ್ಣ, ಅಂದರೆ ದೊಡ್ಡಮ್ಮನ ಮಗ, ಕೇಳಿದ.

2023ರ ಮೇ 23ರಂದು ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಮಲಗುವ ಕೋಣೆಯ ಕತ್ತಿ 1 ಕೋಟಿ 40 ಲಕ್ಷ ಪೌಂಡ್‌ಗೂ ಹೆಚ್ಚಿಗೆ ಹೋಗಿದ್ದು ನಿಜ. ಆದರೆ ಆ ಬೆಲೆ ಉಕ್ಕಿಗೆ ಬಂದಿದ್ದಲ್ಲ. ಅದರ ಮೇಲೆ ಚಿನ್ನದಲ್ಲಿ ಬರೆದ ಅಕ್ಷರಗಳಿವೆ. 1799ರ ಯುದ್ಧದಲ್ಲಿ ದಾಳಿಯ ಮುಂದಾಳಾಗಿದ್ದ ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ಅದನ್ನು ಕೊಟ್ಟ ದಾಖಲೆ ಇದೆ. ಯಾರದು, ಯಾರ ಕೈಗೆ ಹೋಯಿತು ಅನ್ನೋ ಸರಪಳಿ ತುಂಡಾಗಿಲ್ಲ. ಇನ್ನೊಂದು ಸ್ವಾರಸ್ಯ ಅಂದರೆ, ಅದರ ಅಲಗು ಕೂಡ 16ನೇ ಶತಮಾನದಲ್ಲಿ ಭಾರತಕ್ಕೆ ಬಂದ ಜರ್ಮನ್ ಅಲಗುಗಳ ಮಾದರಿಯಲ್ಲಿ ಮೊಘಲ್ ಕಮ್ಮಾರರು ಮಾಡಿದ್ದು ಅಂತ ಹರಾಜಿನವರೇ ಹೇಳಿದ್ದರು.

ಹೆಸರು ಕಳೆದುಕೊಂಡ ದರ್ಬಾರಿನ ಕತ್ತಿಗೆ ಅಂಥ ಸರಪಳಿ ಇಲ್ಲ. ಬ್ರಿಟನ್ನಿನಲ್ಲಿ ಇಂಥವು ಸಾವಿರಾರು ಉಳಿದಿವೆ. ಸಾಮಾನ್ಯವಾದದ್ದು ಕೆಲವು ನೂರು ಪೌಂಡ್‌ಗೆ ಸಿಗುತ್ತೆ. ಜೊತೆಗೆ ಹೊಸದಾಗಿ ಮಾಡಿದ ನಕಲುಗಳೂ ಇವೆ. ನಮ್ಮ ಡೆಹ್ರಾಡೂನ್‌ನಲ್ಲೇ ಸಿನಿಮಾಕ್ಕೆ, ಸೈನ್ಯದ ಕವಾಯತಿಗೆ ಅಂತ ಚೆಂದದ ಕತ್ತಿಗಳು ತಯಾರಾಗುತ್ತವೆ. ಹೊಸದನ್ನು ಹೊಸದು ಅಂತ ಮಾರಿದರೆ ತಪ್ಪೇನಿಲ್ಲ. ಅದಕ್ಕೆ ಹಳೇ ಬಣ್ಣ ಬಳಿದು ಮಾರಿದಾಗ ಮೋಸ. ಅಕ್ಷರಗಳ ಅಂಚು ಮೊಂಡಾಗಿದ್ದರೆ, ಹಿಡಿಯಲ್ಲಿ ಎರಕದ ಸಣ್ಣ ಗುಳಿಗಳು ಕಂಡರೆ, ತಿರುಗಿಸುವ ಕಡೆ ಹೊಸ ಸ್ಕ್ರೂ ಇದ್ದರೆ ದುಡ್ಡು ಜೇಬಲ್ಲೇ ಇರಲಿ.

ಹುಣಸೆಹಣ್ಣು ಬೇಡ, ಪೀತಾಂಬರಿಯೂ ಬೇಡ

ಇನ್ನು ತಂಗಿಯ ಆಸೆ. ದೇವರ ದೀಪದ ಹಾಗೆ ಉಜ್ಜಿಬಿಡೋಣ ಅಂದಳು. ನಾನು ತಡೆದೆ. ಹಿಡಿಯ ಮೇಲಿರೋ ಗಿಲೀಟು ಅಂದರೆ ಹಿತ್ತಾಳೆಯ ಮೇಲಿನ ತೀರಾ ತೆಳ್ಳನೆಯ ಚಿನ್ನದ ಪದರ. ಹುಣಸೆಹಣ್ಣಿನ ಹುಳಿಗೋ ಪುಡಿಯ ಉಜ್ಜಿಗೋ ಅದು ಒಂದೇ ಭಾನುವಾರ ಸಾಕು, ಹೋಗಿಬಿಡುತ್ತೆ. ಅಲಗಿನ ಮೇಲೆ ಕೊರೆದ ಚಿತ್ತಾರವೂ ಅಷ್ಟೇ, ಉಜ್ಜಿದಷ್ಟೂ ಸವೆಯುತ್ತೆ. ಸವೆದ ಮೇಲೆ ಕತ್ತಿಯನ್ನ ಓದೋಕೇ ಆಗಲ್ಲ. ಹೊಳೆಯೋ ಕತ್ತಿಗಿಂತ ಓದೋಕಾಗೋ ಕತ್ತಿಗೇ ಬೆಲೆ ಜಾಸ್ತಿ.

ಮಾಡಬೇಕಾದ್ದು ಇಷ್ಟೇ. ಮೊದಲು ಇದ್ದ ಹಾಗೇ ಎಲ್ಲಾ ಕಡೆಯಿಂದ ಫೋಟೊ ತೆಗೀರಿ. ಅಲಗನ್ನ ಬರೀ ಬೆರಳಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪಿಗೆ ತುಕ್ಕು ಹಿಡಿಯುತ್ತೆ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ಹೊಲಿಗೆ ಮಿಷನ್ನಿಗೆ ಹಾಕುವಂಥ ತೆಳು ಎಣ್ಣೆ ಒಂದು ಹನಿ ಸವರಿ. ಕತ್ತಿಯನ್ನ ಚರ್ಮದ ಒರೆಯೊಳಗೇ ವರ್ಷಗಟ್ಟಲೆ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತೆ. ಎರಡನ್ನೂ ಪಕ್ಕಪಕ್ಕ ಇಡಿ.

ಆಯುಧ ಪೂಜೆ? ಖಂಡಿತ ಮಾಡಿ. ಅರಿಶಿನ, ಕುಂಕುಮ, ಹೂವು, ನಿಂಬೆಹಣ್ಣನ್ನ ಕತ್ತಿಯ ಮೇಲಿಡದೆ ಅದರ ಮುಂದಿಡಿ. ದೊಡ್ಡಮ್ಮನ ಕತ್ತಿಯ ಹಿಡಿಯ ಒಂದು ಪಕ್ಕದಲ್ಲಿ ಗಿಲೀಟು ಹೋಗಿ ಹಿತ್ತಾಳೆ ಕಾಣುತ್ತೆ. ಸರಿಯಾಗಿ ಕುಂಕುಮ ಇಡುತ್ತಿದ್ದ ಜಾಗವೇ ಅದು. ಇಂಗ್ಲೆಂಡಿನ ಸಂಗ್ರಾಹಕ ಅದನ್ನ ದೋಷ ಅಂತ ಬರೆದುಕೊಳ್ಳಬಹುದು. ನನಗೆ ಮಾತ್ರ ಕತ್ತಿಯ ಮೇಲೆ ನಮ್ಮ ಮನೆಯ ಗುರುತು ಅಂತ ಇರೋದು ಅದೊಂದೇ ಅನ್ನಿಸಿತು.

ಕಾನೂನು ಏನನ್ನುತ್ತೆ?

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತು ಪುರಾವಸ್ತು. ಅದನ್ನ ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗಿಲ್ಲ. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಹಾಗಾಗಿ ಐದನೇ ಜಾರ್ಜ್ ಕಾಲದ ಕತ್ತಿ 1912ರದ್ದೋ 1935ರದ್ದೋ ಅನ್ನೋದು ಬರೀ ಕುತೂಹಲದ ಪ್ರಶ್ನೆಯಲ್ಲ. ಅನುಮಾನ ಇದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನ ಕೇಳಬೇಕು.

ಇನ್ನೊಂದು ಶಸ್ತ್ರಾಸ್ತ್ರ ಕಾಯ್ದೆ, 1959ರದ್ದು. ಮನೆಗೆಲಸ, ಹೊಲಗೆಲಸದ ಸಲಕರಣೆ ಅಲ್ಲದ, 9 ಇಂಚಿಗಿಂತ ಉದ್ದದ ಅಲಗು ಅದರ ನಿಯಮಗಳಲ್ಲಿ ಆಯುಧ. ಯಾವ ಪ್ರದೇಶದಲ್ಲಿ ಲೈಸೆನ್ಸ್ ಕಡ್ಡಾಯ ಅನ್ನೋದು ಸರ್ಕಾರದ ಅಧಿಸೂಚನೆಯ ಮೇಲೆ ನಿಂತಿದೆ. ಕೊಳ್ಳೋ ಮುಂಚೆ, ಸಾಗಿಸೋ ಮುಂಚೆ ವಕೀಲರನ್ನೋ ಸ್ಥಳೀಯ ಠಾಣೆಯನ್ನೋ ವಿಚಾರಿಸಿ. ಹರಿತ ಇಲ್ಲ ಅಂದುಕೊಂಡು ಕತ್ತಿ ಬೀಸುತ್ತಾ ರೀಲ್ಸ್ ಮಾಡೋದು, ಬರ್ತ್‌ಡೇ ಕೇಕ್ ಕತ್ತರಿಸೋದು ಬೇಡ. ಅಂಥವರ ಮೇಲೆ ಕೇಸ್ ಬಿದ್ದ ಸುದ್ದಿ ನೀವೂ ಓದಿರುತ್ತೀರಿ.

ಲೆಕ್ಕದ ಪುಸ್ತಕದ ಒಂದು ಸಾಲು

ಕತ್ತಿ ದಿವಾನರದ್ದಲ್ಲ ಅಂತ ನನಗೆ ಗೊತ್ತಾಯಿತು. ಹಾಗಾದರೆ ಒಬ್ಬ ಗುಮಾಸ್ತರ ಮನೆಗೆ ಅದು ಬಂದಿದ್ದು ಹೇಗೆ? ಉತ್ತರ ಸಿಕ್ಕಿದ್ದು ಅದೇ ಅಟ್ಟದ ಟ್ರಂಕಿನಲ್ಲಿ. ಮುತ್ತಾತನ ಮನೆಖರ್ಚಿನ ಲೆಕ್ಕದ ಪುಸ್ತಕ. 1947ರ ಪುಟಗಳಲ್ಲಿ ಹಾಲು, ಸೌದೆ, ಸ್ಕೂಲ್ ಫೀಜಿನ ನಡುವೆ ಒಂದು ಸಾಲು: ಬೆಂಗಳೂರು ದಂಡು, ಲಿಲಾವು, ಟ್ರಂಕು 1, ಕತ್ತಿ 1, ರೂ. 11.

ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಕೈಯಿಂದ ಮೈಸೂರು ಸಂಸ್ಥಾನಕ್ಕೆ ವಾಪಸ್ ಬಂದಿದ್ದೇ ಆ ವರ್ಷ. ಊರಿಗೆ ಹೊರಟ ಯಾವನೋ ದೊರೆಯ ಮನೆಸಾಮಾನು ಹರಾಜಿಗೆ ಬಂದಿರಬೇಕು.

ಇದನ್ನ ದೊಡ್ಡಮ್ಮನಿಗೆ ಹೇಳೋದೇ ಕಷ್ಟವಾಗಿತ್ತು. 78 ವರ್ಷ ವಯಸ್ಸು. ಮನೆ ಹೋಗುತ್ತಿದೆ, ಅದರ ಜೊತೆ ಈ ಕಥೆಯನ್ನೂ ಯಾಕೆ ಕಿತ್ತುಕೊಳ್ಳಬೇಕು? ಸುಮ್ಮನಿದ್ದುಬಿಡೋಣ ಅಂತ ಅಮ್ಮ ಅಂದರು. ಆದರೆ ಕೇಳಿದ್ದು ದೊಡ್ಡಮ್ಮನೇ. ಒಂದು ಬುಧವಾರ ಬೆಳಿಗ್ಗೆ ಅವರನ್ನ ಬೆಟ್ಟಕ್ಕೆ ಕರಕೊಂಡು ಹೋಗಿದ್ದೆ. ದರ್ಶನ ಮುಗಿಸಿ, ಊರು ಕಾಣುವ ಕಡೆ ಕಟ್ಟೆ ಮೇಲೆ ಕೂತಾಗ ಹೇಳಿದೆ.

"ದೊಡ್ಡಮ್ಮ, ಕತ್ತಿ ದಿವಾನರು ಕೊಟ್ಟಿದ್ದಲ್ಲ. ತಾತ ಲಿಲಾವಲ್ಲಿ ತಗೊಂಡಿದ್ದು. ಪುಸ್ತಕದಲ್ಲಿ ಬರೆದಿದ್ದಾರೆ."

ಫೋನಿನಲ್ಲಿದ್ದ ಪುಟದ ಫೋಟೊ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು.

"ತಾತನ ಅಕ್ಷರನೇ. ಹನ್ನೊಂದು ರೂಪಾಯಿ ಅಂದ್ರೆ ಆಗ ಸುಮ್ನೆ ಅಲ್ಲ ಕಣೋ. ಆರು ಮಕ್ಕಳ ಮನೆ ನಮ್ಮದು." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು: "ದಿವಾನ್ರು ಕೊಟ್ಟಿದ್ರೆ ಅದು ಯಾವತ್ತಿದ್ರೂ ದಿವಾನ್ರ ಕತ್ತಿನೇ. ಇದು ತಾತ ತಮ್ಮ ದುಡ್ಡಲ್ಲಿ ತಂದಿದ್ದು. ಇವರೆಲ್ಲ ಯಾರ ಮುಂದೆ ಕೈಕಟ್ಟಿ ನಿಂತಿರ್ತಿದ್ರೋ, ಅವರ ಸೊಂಟದ್ದು. ಅಜ್ಜಿ ಬೈತಾರೆ ಅಂತ ದಿವಾನ್ರ ಹೆಸರು ಹೇಳಿರ್ತಾರೆ ಬಿಡು."

ನಾನು ಓದಿದ ಯಾವ ಹರಾಜಿನ ಕ್ಯಾಟಲಾಗಿನಲ್ಲೂ ಒಂದು ಕತ್ತಿಯ ಬಗ್ಗೆ ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

ಬರೆದಿಡಿ

ಕತ್ತಿ ಮಾರಲಿಲ್ಲ. ಅಣ್ಣನ ಮನೆಯಲ್ಲಿ, ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿ, ಹತ್ತಿ ಬಟ್ಟೆ ಸುತ್ತಿಕೊಂಡು ಇದೆ. ಒರೆಯ ಎರಡು ತುಂಡೂ ಪಕ್ಕದಲ್ಲಿವೆ. ಜೊತೆಗೆ ಒಂದು ಹಾಳೆ. ಅದರಲ್ಲಿ ಅಲಗಿನ ಉದ್ದ, ಸಂಕೇತಾಕ್ಷರ, ಅಂಗಡಿಯ ಹೆಸರು, ಲೆಕ್ಕದ ಪುಸ್ತಕದ ಆ ಸಾಲು ಇಷ್ಟನ್ನೂ ಬರೆದಿದ್ದೀವಿ. ದಿವಾನರ ಕಥೆಯನ್ನೂ ಬಿಟ್ಟಿಲ್ಲ. 'ಮನೆಯಲ್ಲಿ ಹೀಗೆ ಹೇಳುತ್ತಿದ್ದರು' ಅಂತ ಬೇರೆಯಾಗಿ ಬರೆದು, ಕೆಳಗೆ ದೊಡ್ಡಮ್ಮನ ಸಹಿ ಹಾಕಿಸಿದ್ದೀವಿ.

ವಸ್ತು ಉಳಿದು ಅದರ ಮಾತು ಕಳೆದುಹೋದರೆ ಅದು ತೂಕಕ್ಕೆ ಹೋಗುವ ಹಿತ್ತಾಳೆ, ಅಷ್ಟೇ. ಕತ್ತಿಯೇ ಆಗಬೇಕಿಲ್ಲ. ನಿಮ್ಮ ಮನೆಯ ಗಡಿಯಾರ, ಪದಕ, ಪೇಟ, ಹಳೇ ಪೆನ್ನು ಏನೇ ಇರಲಿ, ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅದರ ನಾಲ್ಕು ಫೋಟೊ ತೆಗೀರಿ. ಮನೆಯ ಹಿರಿಯರ ಪಕ್ಕ ಕೂತು, ಫೋನಿನಲ್ಲಿ ರೆಕಾರ್ಡರ್ ಹಾಕಿ, "ಇದು ಯಾರದು?" ಅಂತ ಒಂದು ಸಲ ಕೇಳಿ. ಅವರು ಹೇಳಿದ್ದನ್ನೂ ಬರೆದಿಡಿ, ವಸ್ತು ತಾನೇ ಹೇಳೋದನ್ನೂ ಬರೆದಿಡಿ. ಎರಡೂ ಹೊಂದದೇ ಇದ್ದರೂ ಪರವಾಗಿಲ್ಲ.